ಕಪ್ಪೆ ಕೊಯ್ದ ಕೈ

"ಇದ್ ಆಪು ಕೆಲ್ಸ ಅಲ್ಲ" ಎಂದವಳು ನನ್ನ ಅಜ್ಜಿ, ನಾನು ಓದಲು ಹೊರಟಿದ್ದು ಆಗುವ ಕೆಲಸವಲ್ಲವೆಂದು. ಕೋಟದ ಹತ್ತಿರ ನಮ್ಮದು ದೇವಸ್ಥಾನದ ಪೂಜೆಯ ಮನೆ, ಅಪ್ಪ ಅರ್ಚಕರು. ಹೈಸ್ಕೂಲಿನ ಮೇಲೆ ವಿಜ್ಞಾನ ಎಲ್ಲಿ ಕಲಿಸುತ್ತಾರೆಂದು ಬ್ರಹ್ಮಾವರ, ಕುಂದಾಪುರಗಳಲ್ಲಿ ಕಂಡಕಂಡವರನ್ನು ಕೇಳಿದ್ದೆ. ಮೊದಲು ಮಂಗಳೂರು, ಆಮೇಲೆ ಮದರಾಸು ಎಂದರು ನಮ್ಮ ಮೇಷ್ಟ್ರು. ಅಲ್ಲಿ ಕಪ್ಪೆ ಕೊಯ್ಯಬೇಕೆಂಬುದನ್ನು ಮನೆಯಲ್ಲಿ ನಾನೇ ಬಾಯಿಬಿಟ್ಟೆ.

"ಕಪ್ಪಿ ಕೊಯ್ದ ಕೈಯಂಗೆ ದೇವ್ರಿಗೆ ಹೂಗ್ ಹಾಕ್ತ್ಯಾ?" ಎಂದಳು ಅಜ್ಜಿ. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಹೋದೆ. ರಜೆಯಲ್ಲಿ ಬಂದಾಗಲೆಲ್ಲ ಅಜ್ಜಿ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಬಾವಿಕಟ್ಟೆಯಲ್ಲಿ ಮೀಯಿಸಿ ಒಳಗೆ ಬಿಡುತ್ತಿದ್ದಳು. ಊಟದ ಎಲೆ ಜಗಲಿಯಲ್ಲಿ, ನನಗೊಬ್ಬನಿಗೇ. ಪೂಜೆಗೆ ಹೂ ತರುವ ನನ್ನ ಕೆಲಸ ತಮ್ಮನ ಪಾಲಾಯಿತು. ಮಡಿಯುಟ್ಟ ಅಪ್ಪ ನನ್ನಿಂದ ದೂರ ಸರಿದು ನಡೆಯುವಾಗ, ಈ ಮನೆ ಇನ್ನು ನನ್ನದಲ್ಲವೇನೋ ಎನಿಸುತ್ತಿತ್ತು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಸರ್ಟಿಫಿಕೇಟು ತಂದ ದಿನವೂ ಅಂಗಳದಲ್ಲೇ ನಿಂತೆ. ಅಪ್ಪ ಮಡಿಯುಟ್ಟು ಪೂಜೆಗೆ ಹೊರಟಿದ್ದರು. ಅವರು ಮುಟ್ಟಲಾರರೆಂದು ಅದನ್ನು ಮೆಟ್ಟಿಲ ಮೇಲಿಡಲು ಬಗ್ಗಿದೆ. ಅವರು ಇಳಿದು ಬಂದು ನನ್ನ ಕೈಯಿಂದಲೇ ತೆಗೆದುಕೊಂಡರು.

ಬಾಗಿಲಲ್ಲಿದ್ದ ಅಜ್ಜಿ ಇಬ್ಬರನ್ನೂ ನೋಡಿದಳು.

"ಇನ್ನ್ ಇಬ್ರೂ ಮಿಂದ್ಕಂಡೇ ಒಳಗ್ ಬನ್ನಿ" ಎಂದಳು.