ಅಕ್ಕ ತಂಗಿ ಆಡಬಾರದ ಚೆನ್ನೆ

ಆಗೆಲ್ಲ ನಮ್ಮ ಮನೆಯಲ್ಲಿ ಅಪ್ಪನನ್ನು ನೋಡಬೇಕೆಂದರೆ ಮಳೆಗಾಲವೇ ಬರಬೇಕಿತ್ತು. ಕಾಪುವಿನಲ್ಲಿ, ಅಲೆಯ ಸದ್ದು ಅಡುಗೆಮನೆಗೂ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆ. ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದರು. ಹೋದರೆ ಹತ್ತು ದಿನ, ಬಂದರೆ ಒಂದು ದಿನ. ಜೂನ್ ಹೊತ್ತಿಗೆ ಬೋಟುಗಳನ್ನು ದಡದಲ್ಲಿ ಕಟ್ಟಿದ ಮೇಲೆ ಎರಡು ತಿಂಗಳು ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿರುತ್ತಿದ್ದರು. ಕರಾವಳಿಯಲ್ಲಿ ಬೆಳೆದವರಿಗೆ ಆ ದಿನಗಳ ವಾಸನೆ ನೆನಪಿರಬಹುದು: ಹಳೆಯ ಬಲೆ, ಕೆಂಡದಲ್ಲಿ ಸುಡುವ ಒಣಮೀನು, ಎಷ್ಟು ಹೊತ್ತಾದರೂ ಒಣಗದ ಯೂನಿಫಾರ್ಮು. ನನಗೆ ಅದರ ಜೊತೆ ಕರ್ಪೂರದ ವಾಸನೆಯೂ ನೆನಪಾಗುತ್ತದೆ. ಮಳೆ ಹಿಡಿಯಿತೆಂದರೆ ನನಗೆ ಉಬ್ಬಸ. ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ನನ್ನ ಎದೆಗೂ ಬೆನ್ನಿಗೂ ತಿಕ್ಕುವ ಕೆಲಸ ಅಕ್ಕನದು.

ಅಕ್ಕ ಎಂದರೆ ವನಿತಾ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳು ಏಳನೆಯ ತರಗತಿಯಲ್ಲಿದ್ದಳು, ನಾನು ನಾಲ್ಕನೆಯದರಲ್ಲಿ. ಅಮ್ಮ ಬೆಳಿಗ್ಗೆಯೇ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಲು ಹೋಗುತ್ತಿದ್ದುದರಿಂದ ನನ್ನ ಜಡೆ, ಗಂಜಿ, ಪಾಠ ಎಲ್ಲ ಅವಳ ಪಾಲಿಗೆ ಬಿದ್ದಿತ್ತು. ಅಷ್ಟಕ್ಕೆಲ್ಲ ನಾನು ಕೃತಜ್ಞಳಾಗಿದ್ದೆ ಎಂದು ಯಾರೂ ತಿಳಿಯಬೇಡಿ. ಮನೆಯ ಕಿರಿಯ ಮಗಳು, ಅದರಲ್ಲೂ ಉಬ್ಬಸದವಳು, ಎಷ್ಟು ಸೊಕ್ಕಿನಲ್ಲಿರಬಹುದೋ ಅಷ್ಟೂ ಸೊಕ್ಕು ನನಗಿತ್ತು.

ಆ ಮಳೆಗಾಲದಿಂದ ಮುಂದಿನ ಮೇ ತಿಂಗಳವರೆಗಿನ ಒಂದು ವರ್ಷವನ್ನು ನನ್ನ ಬದುಕಿನ ಒಳ್ಳೆಯ ವರ್ಷ ಎಂದು ಎಷ್ಟೋ ಸಲ ಗೆಳತಿಯರಿಗೆ ಹೇಳಿದ್ದೇನೆ. ಸೈಕಲ್ ಕಲಿತದ್ದು ಆ ವರ್ಷ. ಅಪ್ಪನ ದೊಡ್ಡ ಸೈಕಲಿನ ದಂಡಿಗೆಯ ಕೆಳಗೆ ಕಾಲು ತೂರಿಸಿ ನಾನು ತುಳಿಯುವುದು, ಹಿಂದಿನ ಕ್ಯಾರಿಯರ್ ಹಿಡಿದು ಅಕ್ಕ ದೀಪಸ್ತಂಭದ ದಾರಿಯಲ್ಲಿ ಬರಿಗಾಲಲ್ಲಿ ಓಡುವುದು. ಮಕ್ಕಳ ದಿನಾಚರಣೆಯ ಭಾಷಣಕ್ಕೆ ನನಗೆ ಸ್ಟೀಲ್ ಲೋಟ ಬಹುಮಾನ ಬಂತು. ಬರೆದುಕೊಟ್ಟವಳು, ಬಾಯಿಪಾಠ ಮಾಡಿಸಿದವಳು ಅಕ್ಕ. ಮಳೆ ಬಿಟ್ಟ ಮೇಲೆ ದಡದಲ್ಲಿ ಕೈರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದಿಷ್ಟು ಮೀನು ಸಿಗುತ್ತಿತ್ತು. ಅಕ್ಕ ನನ್ನ ಕೈಯನ್ನೂ ಹಗ್ಗದ ಮೇಲೆ ಇರಿಸಿ, ಅದರ ಮೇಲೆ ತನ್ನ ಕೈ ಇಟ್ಟು ಎಳೆಯುತ್ತಿದ್ದಳು. ನನ್ನ ಪಾಲಿನ ಬೂತಾಯಿ ಮೀನನ್ನು ಲಂಗದಲ್ಲಿ ತುಂಬಿಕೊಂಡು, ನಾನೇ ಹಿಡಿದದ್ದೆಂದು ದಾರಿಯುದ್ದಕ್ಕೂ ಹೇಳಿಕೊಂಡು ಮನೆಗೆ ಬರುತ್ತಿದ್ದೆ. ಆ ದಿನದ ಹುಳಿಖಾರದ ಪುಳಿಮುಂಚಿ ಸಾರಿನ ರುಚಿ ಈಗಿನ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ.

ಆದರೆ ಆ ವರ್ಷದ್ದು ಎಂದು ಮೊದಲು ಹೇಳಬೇಕಾದದ್ದು ಚೆನ್ನೆಯಾಟ. ಆಟಿ ತಿಂಗಳಲ್ಲಿ, ಹೊರಗೆ ಹೋಗಲಾಗದ ಮಳೆಯಲ್ಲಿ, ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು. ಅಮ್ಮನ ಅಮ್ಮ, ನಮ್ಮ ಜೊತೆಗೇ ಇದ್ದವರು. ಹದಿನಾಲ್ಕು ಗುಳಿಗಳ ಮರದ ಮಣೆ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಮರದ ಕೆಂಪು ಬೀಜದ ಕಾಯಿ. ಅಜ್ಜಿಯ ಜೊತೆ ಆಡಬಹುದು, ಅಮ್ಮನ ಜೊತೆ ಆಡಬಹುದು. ಅಕ್ಕ ತಂಗಿ ಮಾತ್ರ ಎದುರುಬದುರು ಕೂತು ಆಡಬಾರದು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ನಿಯಮ. ಆಡಿದರೆ ಇಬ್ಬರಲ್ಲಿ ಒಬ್ಬಳು ಮನೆಗೆ ಉಳಿಯುವುದಿಲ್ಲ ಎಂದು ಅಜ್ಜಿ ಮಣೆ ಇಳಿಸುವಾಗಲೆಲ್ಲ ಹೇಳುತ್ತಿದ್ದರು.

ಬೇಡ ಎಂದದ್ದನ್ನೇ ಮಾಡುವ ಚಾಳಿ ನನ್ನದು. ಮಧ್ಯಾಹ್ನ ಅಜ್ಜಿ ಮಲಗಿದ ಕೂಡಲೇ ಆಡೋಣ ಎಂದು ಅಕ್ಕನ ಬೆನ್ನು ಬೀಳುತ್ತಿದ್ದೆ. ಅವಳು ಬೇಡವೆಂದರೆ ಕೆಮ್ಮುತ್ತಿದ್ದೆ. ನಿಜವಾದ ಕೆಮ್ಮಲ್ಲ, ಅವಳನ್ನು ಹೆದರಿಸುವ ಕೆಮ್ಮು. ಎರಡು ದಿನ ತಡೆದಳು, ಮೂರನೆಯ ದಿನ ಮಣೆ ತಂದಳು. ಆದರೆ ನನ್ನೆದುರು ಕೂರಲಿಲ್ಲ.

"ಎದುರು ಕೂರಬಾರದು ಅಂತ ಅಲ್ವಾ ಅಜ್ಜಿ ಹೇಳಿದ್ದು? ನಾನು ನಿನ್ನ ಪಕ್ಕದಲ್ಲೇ ಕೂರ್ತೇನೆ" ಎಂದಳು.

ಹಾಗೆ ಇಬ್ಬರೂ ಮಣೆಯ ಒಂದೇ ಬದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಆಚೆ ಬದಿಯ ಗುಳಿಗಳಿಗೆ ಅವಳು ಕೈ ಚಾಚಿ ಆಡಿದಳು. ಪ್ರತಿ ಆಟದಲ್ಲೂ ನಾನೇ ಗೆದ್ದೆ. ಆಟಿ ಮುಗಿಯುವವರೆಗೆ ದಿನವೂ ಆಡಿದೆವು, ದಿನವೂ ಗೆದ್ದೆ. ನನ್ನಷ್ಟು ಜಾಣೆ ಕಾಪುವಿನಲ್ಲೇ ಇಲ್ಲ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ, ಆ ಸಲ ಅಪ್ಪನ ಬೋಟು ಬೇಗನೆ ದಡ ಸೇರಿದ್ದ ಹೊತ್ತಿಗೆ, ಮುಂಬಯಿಯಿಂದ ಚಿಕ್ಕಮ್ಮ ಬಂದರು. ಅಮ್ಮನ ತಂಗಿ. ಚಿಕ್ಕಪ್ಪನದು ಅಲ್ಲಿ ಒಂದು ಕ್ಯಾಂಟೀನು. ಮಕ್ಕಳಿರಲಿಲ್ಲ. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ, ಹಾಗಾಗಿ ಅಕ್ಕತಂಗಿಯರ ಮಕ್ಕಳೆಲ್ಲ ಒಂದೇ ಮನೆಯವರು. ಒಬ್ಬಳ ಮಗಳು ಇನ್ನೊಬ್ಬಳ ಮನೆಯಲ್ಲಿ ಬೆಳೆದರೆ ಅದನ್ನು ಯಾರೂ ಕೊಡುವುದು ಎನ್ನುವುದಿಲ್ಲ, ಕಳಿಸುವುದು ಎನ್ನುತ್ತಾರೆ. ದೊಡ್ಡವರು ಎರಡು ದಿನ ಒಳಗೆ ಕೂತು ಮಾತಾಡಿದರು. ಒಮ್ಮೆ ಅಕ್ಕನನ್ನೂ ಒಳಗೆ ಕರೆದರು, ನನ್ನನ್ನು ಕರೆಯಲಿಲ್ಲ. ಮೂರನೆಯ ದಿನ ವನಿತಾ ಚಿಕ್ಕಮ್ಮನ ಜೊತೆ ಹೋಗುತ್ತಾಳೆ ಎಂದು ಅಪ್ಪ ನನಗೆ ಹೇಳಿದರು. ಹೇಳಿ ಮುಖ ತಿರುಗಿಸಿಕೊಂಡು ಬಲೆಯ ಕಡೆ ಹೋದರು.

ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬಾರದು. ಅಕ್ಕ ಹೋಗುತ್ತಾಳೆಂಬ ದುಃಖ ಒಂದು ಚೂರೂ ಬರಲಿಲ್ಲ. ರೈಲು, ಟೀವಿ, ಬೂಟು ಹಾಕಿಕೊಂಡು ಹೋಗುವ ಶಾಲೆ ಎಲ್ಲ ಅವಳಿಗೆ, ನನಗೆ ಇದೇ ಗಂಜಿ ಎಂದಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ಹತ್ತು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ತನ್ನ ಕ್ಲಿಪ್ಪುಗಳನ್ನು ಕೊಟ್ಟಳು, ಕಂಪಾಸ್ ಪೆಟ್ಟಿಗೆ ಕೊಟ್ಟಳು. ಎಲ್ಲ ತೆಗೆದುಕೊಂಡೆ, ಮಾತು ಮಾತ್ರ ಆಡಲಿಲ್ಲ.

ಹೊರಡುವ ದಿನ ಊಟ ಮುಗಿದ ಮೇಲೆ ಇಂದ್ರಾಳಿ ರೈಲು ಸ್ಟೇಷನ್ನಿಗೆ ಹೋಗಲು ರಿಕ್ಷಾ ಬಂದು ನಿಂತಿತು. ಹಪ್ಪಳ, ಒಣಗಿಸಿದ ಎಟ್ಟಿ ಸಿಗಡಿಯ ಗಂಟುಗಳನ್ನು ಕಟ್ಟುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಗಂಟು ಬಿಟ್ಟು ಅಕ್ಕನ ಕೈ ಹಿಡಿದುಕೊಂಡಳು. ಈ ವರ್ಷ ಬೇಡ, ಇನ್ನೊಂದು ವರ್ಷ ಇಲ್ಲೇ ಇರಲಿ, ನನಗೆ ಮನಸ್ಸು ಬರುವುದಿಲ್ಲ ಎಂದು ಚಿಕ್ಕಮ್ಮನಿಗೆ ಹೇಳತೊಡಗಿದಳು. ಚಿಕ್ಕಮ್ಮನ ಮುಖ ಸಪ್ಪಗಾಯಿತು. ಅಪ್ಪ ಅಂಗಳದಲ್ಲಿ ನಿಂತಿದ್ದರು. ಅಕ್ಕನ ಕಣ್ಣಲ್ಲಿ ಆ ಹೊತ್ತಿಗೆ ಬಂದ ಆಸೆ ನನಗೆ ಈಗಲೂ ಕಾಣುತ್ತದೆ. ಆಗ ನಾನು ಕಂಡದ್ದು ಬೇರೆ: ಹೋಗುವಾಗಲೂ ಅಮ್ಮ ಹಿಡಿದುಕೊಂಡದ್ದು ಅವಳ ಕೈಯನ್ನೇ.

"ಅಮ್ಮ, ಇವಳು ಆಟಿಯಲ್ಲಿ ನನ್ನನ್ನು ಕೂರಿಸಿ ಚೆನ್ನೆ ಆಡಿಸಿದ್ದಾಳೆ" ಎಂದೆ. "ನಾನು ಬೇಡ ಅಂದ್ರೂ ಕೇಳ್ಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ಎದೆಗೆ ಕೈ ಇಟ್ಟುಕೊಂಡು ಅಲ್ಲೇ ಕೂತರು. ಹೌದಾ ಎಂದು ಅಮ್ಮ ಅಕ್ಕನನ್ನು ಕೇಳಿದಳು. ಅಕ್ಕ ನನ್ನನ್ನು ನೋಡಿದಳು. ಇಲ್ಲ ಎನ್ನುವಳೆಂದು ಕಾದೆ. ಜಗಳಕ್ಕೆ ಸಿದ್ಧವಾಗಿದ್ದೆ.

"ಹೌದು" ಎಂದಳು.

ಆಗ ಅಜ್ಜಿ, "ಇನ್ನು ತಡಿಬೇಡ ಮಗಾ. ಇವಳನ್ನು ಇಟ್ಕೊಂಡ್ರೆ ಒಬ್ಬಳಿಗೆ ಎಂತಾದ್ರೂ ಆಗ್ತದೆ. ದೂರ ಇದ್ದಾದ್ರೂ ಇಬ್ಬರೂ ಉಳಿಯಲಿ" ಎಂದರು. ಅಮ್ಮ ಅಕ್ಕನ ಕೈ ಬಿಟ್ಟಳು. ರಿಕ್ಷಾ ಹೊರಟಿತು. ನಾನು ಸ್ಟೇಷನ್ನಿಗೆ ಹೋಗಲಿಲ್ಲ, ಗಂಟಿಗೆ ಸೇರದೆ ಉಳಿದ ಹಪ್ಪಳವನ್ನು ಹಸಿಯಾಗಿಯೇ ತಿನ್ನುತ್ತ ಜಗಲಿಯಲ್ಲಿ ಕೂತಿದ್ದೆ.

ಅಕ್ಕ ಅಲ್ಲಿ ಹತ್ತನೆಯ ತರಗತಿಯವರೆಗೆ ಓದಿದಳು. ಆಮೇಲೆ ಚಿಕ್ಕಪ್ಪನಿಗೆ ಕೈಕಾಲು ಸೋತು, ಕ್ಯಾಂಟೀನಿನ ಗಲ್ಲಾದಲ್ಲಿ ಅವಳು ಕೂರಬೇಕಾಯಿತು. ನನ್ನ ಓದು ಸಾಗಿತು. ಮಣಿಪಾಲದಲ್ಲಿ ಕೋರ್ಸು ಮಾಡಿ, ಮನೆಯಿಂದಲೇ ಹೋಗಿ ಬರುವ ಹಾಗೆ ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದೆ. ಅಕ್ಕನ ಮದುವೆ ಕಾರ್ಕಳದ ಹುಡುಗನ ಜೊತೆ ಆಯಿತು. ಮದುವೆಯ ಕಾಗದದಲ್ಲಿ ತಂದೆತಾಯಿಯ ಜಾಗದಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಹೆಸರಿತ್ತು. ಧಾರೆ ಎರೆದವರೂ ಅವರೇ. ಅಪ್ಪ ಅಮ್ಮ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದರು.

ಆ ದಿನ ಊಟದ ಹಾಲಿನಲ್ಲಿ ಚಿಕ್ಕಮ್ಮ ನನ್ನ ಪಕ್ಕದಲ್ಲಿ ಕೂತಿದ್ದರು. ಖುಷಿಯಲ್ಲಿದ್ದರು, ಮಾತು ಬಾಯಿಗೆ ಬಂದ ಹಾಗೆ ಹರಿಯುತ್ತಿತ್ತು. "ನಾವು ಕೇಳಿದ್ದು ನಿನ್ನನ್ನು, ಗೊತ್ತುಂಟಾ? ಸಣ್ಣವಳಾದ್ರೆ ಬೇಗ ಹೊಂದಿಕೊಳ್ತಾಳೆ ಅಂತ. ಇವಳೇ ಒಳಗೆ ಬಂದು, ತಂಗಿಗೆ ಉಬ್ಬಸ, ಅಮ್ಮ ಇಲ್ಲದೆ ಅವಳಿಗೆ ಆಗುವುದಿಲ್ಲ, ನಾನು ಬರ್ತೇನೆ ಅಂದಳು" ಎಂದರು.

ಎಲೆಯ ಮುಂದಿನಿಂದ ಎದ್ದು ಹೋಗಿ ಕೈತೊಳೆಯುವ ಜಾಗದಲ್ಲಿ ನಿಂತೆ. ಅಳು ಬರಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ, ಆಮೇಲೆ ಕಡಿಮೆಯೂ ಆಗಿಲ್ಲ.

ಕಾಪುವಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ಅಕ್ಕ ಹಬ್ಬಕ್ಕೆ ಬಂದರೆ ಜಗಲಿಯ ಕುರ್ಚಿಯಲ್ಲೇ ಕೂರುತ್ತಾಳೆ, ಕರೆಯದೆ ಅಡುಗೆಮನೆಗೆ ಬರುವುದಿಲ್ಲ. ಅಮ್ಮನೇ ತಿಂಗಳಿಗೊಮ್ಮೆ ಮೀನು ಕಟ್ಟಿಸಿಕೊಂಡು ಅವಳ ಮನೆಗೆ ಹೋಗಿ ಒಂದು ದಿನ ಇದ್ದು ಬರುತ್ತಿದ್ದಳು. ಇಬ್ಬರೂ ಅಲ್ಲಿ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಬರುವಾಗ ಅಮ್ಮ ಗೆಲುವಾಗಿರುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಒಂದು ದಿನ, ಅಮ್ಮ ಎಟ್ಟಿಯ ಸಿಪ್ಪೆ ಸುಲಿಯುತ್ತ ಕೂತಿದ್ದಾಗ, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಆಡಿಸಿದ್ದು ನಾನು, ಕೆಮ್ಮಿದ್ದು ಸುಳ್ಳು, ದೂರಿದ್ದೂ ಸುಳ್ಳು. ಅಮ್ಮ ಬೈಯುತ್ತಾಳೆ, ಬೈದರೆ ನನಗೆ ಹಗುರಾಗುತ್ತದೆ ಎಂದು ಇಷ್ಟು ವರ್ಷದ ಮೇಲೂ ನನ್ನ ಬಗ್ಗೆಯೇ ಯೋಚಿಸಿದ್ದೆ. ಅಮ್ಮ ಕೈಯಲ್ಲಿದ್ದ ಎಟ್ಟಿಯನ್ನು ಪಾತ್ರೆಗೆ ಹಾಕಿ ಕೈ ಒರೆಸಿಕೊಂಡಳು.

"ನನಗೆ ಯಾಕೆ ಹೇಳಿದೆ ಮಾರಾಯ್ತಿ?" ಎಂದಳು. "ಮಣೆಯ ದೋಷ, ಅವಳೇ ತಂದ್ಕೊಂಡದ್ದು ಅಂತ ಹೇಳಿಕೊಂಡು ಇಷ್ಟು ವರ್ಷ ಅವಳ ಮುಖ ನೋಡಿದೆ. ಈಗ ನಾನೇ ಅವಳನ್ನು ಕೊಟ್ಟದ್ದು ಅಂತ ಆಯ್ತಲ್ಲ."

ಆ ದಿನದಿಂದ ಅಮ್ಮ ಕಾರ್ಕಳಕ್ಕೆ ಹೋಗಿಲ್ಲ. ಮುಖ ಹೇಗೆ ತೋರಿಸಲಿ ಎನ್ನುತ್ತಾಳೆ, ಅಕ್ಕನ ಫೋನು ಬಂದರೂ ನನ್ನ ಕೈಗೆ ಕೊಡುತ್ತಾಳೆ. ಅಮ್ಮ ಯಾಕೆ ಬರುವುದಿಲ್ಲ, ತನ್ನಿಂದ ಎಂತ ತಪ್ಪಾಯಿತು ಎಂದು ಅಕ್ಕ ಪ್ರತಿ ವಾರ ಕೇಳುತ್ತಾಳೆ. ಮೊಣಕಾಲು ನೋವು, ಬಸ್ಸು ಹತ್ತಲು ಆಗುವುದಿಲ್ಲ ಎಂದು ನಾನು ಹೇಳುತ್ತೇನೆ. ಸರಿ ಎನ್ನುತ್ತಾಳೆ. ನಾನು ಹೇಳಿದ್ದನ್ನು ಅವಳು ಯಾವತ್ತೂ ಅಲ್ಲ ಎಂದವಳಲ್ಲ.