ಇಳಿಜಾರಿಗೊಂದು ಯಂತ್ರ

ಮುಕಾಂಕುಸಿಗೆ ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಗಾಲಿ ನಗರದ ಗತ್ಸಾತಾ ಬಡಾವಣೆಯ ಗ್ಯಾರೇಜು ಸಾಲಿನಲ್ಲಿ ಹದಿನೆಂಟು ವರ್ಷ ಪೆಟ್ರೋಲ್ ಬೈಕುಗಳ ಹೊಟ್ಟೆ ಬಗೆದವಳು. ಈಗ ಎರಡು ವರ್ಷದಿಂದ ಅದೇ ಬೈಕುಗಳ ಎಂಜಿನ್ ಕಿತ್ತು ಮೋಟರು, ಬ್ಯಾಟರಿ ಕೂರಿಸುವ ಕಲಿಂಡಾನ ಶೆಡ್ಡಿನಲ್ಲಿ ಪರೀಕ್ಷಕಿ. ಅವಳು ಸಹಿ ಹಾಕದೆ ಅಲ್ಲಿಂದ ಜನರನ್ನು ಹಿಂದೆ ಕೂರಿಸಿಕೊಂಡು ಓಡುವ ಒಂದು ಬಾಡಿಗೆ ಬೈಕೂ ಕಿಗಾಲಿಯ ರಸ್ತೆಗೆ ಇಳಿಯುವಂತಿಲ್ಲ. ಆ ಸಹಿಯ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ.

ಜಂಬ ಇಳಿದದ್ದು ಸೆಕಮಾನಾ ಬಿದ್ದ ದಿನ. ಇಪ್ಪತ್ತಾರು ವರ್ಷ ಬಾಡಿಗೆ ಬೈಕು ಓಡಿಸಿ ಮೈಮೇಲೆ ಒಂದು ಗೀರೂ ಮಾಡಿಕೊಳ್ಳದ ಮನುಷ್ಯ, ಗಿಸೋಜಿ ಇಳಿಜಾರಿನಲ್ಲಿ ಹಿಂದಿನ ಚಕ್ರ ಹಠಾತ್ತನೆ ಕಚ್ಚಿಕೊಂಡು ಬಲಗೈ ಮುರಿದುಕೊಂಡ. ಮೋಟರಿಗೆ ಕರೆಂಟು ಹಂಚುವ ಕಂಟ್ರೋಲರ್ ಸುಟ್ಟುಹೋಗಿತ್ತು. ಯಾಕೆಂದು ಯಾರಿಗೂ ಗೊತ್ತಿಲ್ಲ. ಗಾಡಿ ಸರಿಯಿದೆ ಎಂದು ಮುಕಾಂಕುಸಿಯ ಸಹಿಯಿದೆ. ಹಾಗಾದರೆ ತಪ್ಪು ಸವಾರನದೇ ಎಂದು ಚಾಲಕರ ಸಂಘದವರು ಅವನ ನಂಬರಿನ ಜಾಕೆಟ್ ಕಿತ್ತಿಟ್ಟುಕೊಂಡರು. ಜಾಕೆಟ್ ಇಲ್ಲದವನ ಹಿಂದೆ ಯಾರೂ ಹತ್ತುವುದಿಲ್ಲ. ಶುಕ್ರವಾರದೊಳಗೆ ಶೆಡ್ಡಿನಿಂದ ಬೇರೆ ವರದಿ ಬರದಿದ್ದರೆ ಆ ಜಾಕೆಟ್ ಇನ್ನೊಬ್ಬನ ಪಾಲಾಗುತ್ತದೆ.

ಅದೇ ಶುಕ್ರವಾರ ಹೊಸ ಪರೀಕ್ಷಾ ಯಂತ್ರವನ್ನೂ ಆರಿಸಬೇಕಿತ್ತು. ಎರಡು ಕಂಪನಿಯವರು ಎರಡು ಯಂತ್ರ ತಂದು, ಒಂದು ವಾರ ನೋಡಿ ಎಂದು ಇಳಿಸಿ ಹೋಗಿದ್ದರು. ಮೊದಲನೆಯದು ಮಿರಿಮಿರಿ ಮಿಂಚುತ್ತಿತ್ತು. ಬೈಕಿನ ಹಿಂಚಕ್ರ ಅದರ ಉರುಳೆಯನ್ನು ತಿರುಗಿಸಬೇಕು, ಯಂತ್ರ ತಡೆಯುತ್ತದೆ. ಏರು ಹತ್ತಲು ಎಷ್ಟು ಕಸುವಿದೆ, ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ, ಎಲ್ಲವನ್ನೂ ಬಣ್ಣದ ಗೆರೆಗಳಲ್ಲಿ ತೋರಿಸುತ್ತದೆ. ಎರಡನೆಯದು ದಪ್ಪ, ಕುರೂಪಿ, ಗದ್ದಲದ್ದು. ಅದರ ಉರುಳೆಗೆ ಸ್ವಂತ ಮೋಟರಿದೆ; ಬೇಕೆಂದರೆ ಯಂತ್ರವೇ ಬೈಕಿನ ಚಕ್ರವನ್ನು ತಿರುಗಿಸಬಲ್ಲದು. ಅದು ಯಾಕೆ ಬೇಕೆಂದು ಮುಕಾಂಕುಸಿಗೂ ಹೊಳೆದಿರಲಿಲ್ಲ.

ಸೆಕಮಾನಾನ ಗಾಡಿಯಂಥದ್ದೇ ಬೈಕನ್ನು ಮಿಂಚುವ ಯಂತ್ರದ ಮೇಲೆ ಹನ್ನೊಂದು ಸಲ ಓಡಿಸಿದಳು. ಹನ್ನೊಂದು ಸಲವೂ ಪಾಸು.

"ಸಾಕಲ್ವೇನಮ್ಮಾ? ಇನ್ನೊಂದ್ಸಲ ಓಡಿಸಿದ್ರೆ ಮೊಟ್ಟೆ ಇಡುತ್ತೆ ಅಷ್ಟೆ," ಎಂದ ಕಲಿಂಡಾ.

"ಗಾಡಿ ಸರಿ ಇದ್ರೆ ಸೆಕಮಾನಾ ಯಾಕ್ ಬಿದ್ರು ಬಾಸ್?"

"ವಯಸ್ಸಾಯ್ತು, ಬಿದ್ದ. ಈ ಯಂತ್ರಾನೇ ತಗೊಳ್ಳೋಣ. ಕಿರಿಕಿರಿ ಇಲ್ಲ."

ಕಿರಿಕಿರಿ ಇಲ್ಲದ ಯಂತ್ರ ಎಂಬ ಮಾತು ಅವಳಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಗುರುವಾರ ಮಧ್ಯಾಹ್ನ ಬೇಯಿಸಿದ ಬಾಳೆಕಾಯಿ, ಬೀನ್ಸ್ ಕಾಳಿನ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಸೆಕಮಾನಾನ ಮನೆಗೆ ನಡೆದಳು.

ಅವನು ಬಾಗಿಲ ಮುಂದಿನ ಬೆಂಚಿನಲ್ಲಿ, ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು, ಹೋಗಿ ಬರುವ ಬೈಕುಗಳನ್ನು ನೋಡುತ್ತ ಕೂತಿದ್ದ.

"ಸಹಿ ಹಾಕಿದೋಳು ಬಂದ್ಲು," ಎಂದ, ಒಳಗಿದ್ದ ಹೆಂಡತಿಗೆ ಕೇಳುವಂತೆ. "ಹಾಲು ತಾರೇ. ಏನೇ ಆದ್ರೂ ಮನೆಗ್ ಬಂದೋಳು."

"ಹಾಲು ಆಮೇಲೆ ಚಿಕ್ಕಪ್ಪ. ಅವತ್ತು ಹೆಂಗ್ ಓಡಿಸಿದ್ರಿ? ಬಾಯಲ್ಲಿ ಬೇಡ, ಓಡಿಸಿ ತೋರ್ಸಿ."

"ಬೆಂಚನ್ನಾ?"

"ಬೆಂಚನ್ನೇ."

ಅವನು ನಕ್ಕು ಕಣ್ಣು ಮುಚ್ಚಿದ. ಎಡಗೈ ಗಾಳಿಯಲ್ಲಿ ಹ್ಯಾಂಡಲ್ ಹಿಡಿಯಿತು. ಮೈ ಮುಂದಕ್ಕೆ ಬಾಗಿತು. "ಇದು ಏರು... ಇಲ್ಲಿ ಚರ್ಚು... ಈಗ ನೆತ್ತಿ." ನೆತ್ತಿ ದಾಟುತ್ತಲೇ ಎಡಗೈ ಹ್ಯಾಂಡಲ್ ಬಿಟ್ಟು ನಡುವೆ ಸರಿದು, ಎರಡು ಬೆರಳಲ್ಲಿ ಏನನ್ನೋ ತಿರುವಿ, ಮತ್ತೆ ತನ್ನ ಜಾಗಕ್ಕೆ ಬಂತು.

"ತಾಳಿ. ಅದೇನ್ ಮಾಡಿದ್ರಿ?"

"ಯಾವ್ದು?"

"ಆ ಬೆರಳು."

ಅವನು ತನ್ನ ಕೈಯನ್ನೇ ಯಾರದೋ ಕೈ ಎಂಬಂತೆ ನೋಡಿಕೊಂಡ. "ಏನೂ ಮಾಡ್ಲಿಲ್ವಲ್ಲ."

ಕೀಲಿ ಆಫ್ ಮಾಡಿದ್ದ. ಈ ಬೆಟ್ಟಗಳ ಊರಿನಲ್ಲಿ ಪೆಟ್ರೋಲ್ ಉಳಿಸಲು ಇಳಿಜಾರು ಬಂದಾಗಲೆಲ್ಲ ಸವಾರರು ಎಂಜಿನ್ ಆರಿಸಿ ಜಾರಿಬಿಡುತ್ತಾರೆ. ಎಂಜಿನ್ ಹೋಗಿ ಮೋಟರು ಬಂದರೂ ಕೈಗೆ ಯಾರು ಹೇಳಿದ್ದಾರೆ? ಮುಕಾಂಕುಸಿ ಬುದ್ಧಿ ಬಂದಾಗಿನಿಂದ ಅಂಥ ಬೈಕುಗಳ ಹಿಂದೆ ಕೂತವಳು. ದಿನವೂ ಕಂಡದ್ದರಿಂದ ಒಂದು ದಿನವೂ ಗಮನಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಓಡುತ್ತಲೇ ಶೆಡ್ಡಿಗೆ ಬಂದು ಬೈಕನ್ನು ಕುರೂಪಿ ಯಂತ್ರಕ್ಕೆ ಹತ್ತಿಸಿದಳು. ಇಳಿಜಾರು ತಳ್ಳುವ ಹಾಗೆಯೇ ಉರುಳೆ ಚಕ್ರವನ್ನು ತಳ್ಳಿತು. ಗಿಸೋಜಿಯಂಥ ಕಡಿದಾದ ಇಳಿಜಾರಿನಲ್ಲಿ ಮಾತ್ರ ಸಿಗುವ ಎಪ್ಪತ್ತರ ವೇಗ ಬಂದಾಗ ಕೀಲಿ ತಿರುವಿದಳು. ಕೀಲಿ ಆರಿದರೂ ಚಕ್ರದೊಳಗಿನ ಮೋಟರು ತಿರುಗುತ್ತ ಕರೆಂಟು ಹುಟ್ಟಿಸುತ್ತಲೇ ಇತ್ತು, ಅದಕ್ಕೆ ಹೋಗಲು ದಾರಿಯಿರಲಿಲ್ಲ. ಮೂರನೆಯ ಸಲಕ್ಕೆ ಕಂಟ್ರೋಲರ್ ಟಪ್ ಎಂದಿತು, ಹೊಗೆ ಬಂತು, ಚಕ್ರ ಕಚ್ಚಿಕೊಂಡಿತು.

ಕಲಿಂಡಾ ಮೂಗು ಮುಚ್ಚಿಕೊಂಡು ಬಂದು ಎಲ್ಲ ಕೇಳಿದ. "ಅಂದ್ರೆ ಕೀಲಿ ತಿರುಗ್ಸಿದ್ದು ಅವನೇ. ಬರ್ಕೋ, ಸವಾರನ ತಪ್ಪು. ಮುಗೀತು."

"ಬಾಸ್, ನೀವೂ ಮೊದ್ಲು ಬಾಡಿಗೆ ಓಡಿಸ್ತಿದ್ರಿ. ಇಳಿಜಾರಲ್ಲಿ ಏನ್ ಮಾಡ್ತಿದ್ರಿ?"

ಅವನು ಹೊಗೆಯನ್ನು ಕೈಯಿಂದ ಬೀಸಿ ಓಡಿಸಿದ. "ಇನ್ನೂರ ಹತ್ತು ಗಾಡಿ ವಾಪಸ್ ಕರೀಬೇಕಾಗುತ್ತೆ. ಎಲ್ಲದ್ರ ಮೇಲೂ ಇರೋದು ನಿನ್ ಸಹಿ. ಆಮೇಲೆ ನಿನ್ನ ಯಾರ್ ನಂಬ್ತಾರೆ?"

ಅವಳ ಭಯವೂ ಅದೇ ಆಗಿತ್ತು. ಶುಕ್ರವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ವರದಿ ಬರೆಯಲು ಕೂತು ಎರಡು ಹಾಳೆ ಹರಿದಳು. ಮೂರನೆಯದರಲ್ಲಿ ಕಾರಣ ಎಂಬ ಕಡೆ ಬರೆದಳು: "ಸವಾರ ಇಲ್ಲಿ ಎಲ್ಲರೂ ಓಡಿಸುವಂತೆ ಓಡಿಸಿದ. ಗಾಡಿಯನ್ನು ಹಾಗೆ ಓಡಿಸಿ ನಾನು ನೋಡಿರಲಿಲ್ಲ. ತಪ್ಪು ನನ್ನದು."

ಕಾರ್ಯದರ್ಶಿ ಎರಡು ಸಲ ಓದಿ, ಬೀರು ತೆಗೆದು ಜಾಕೆಟ್ ಮೇಜಿನ ಮೇಲಿಟ್ಟ. "ನಿಮ್ ಸಹಿ ಇನ್ಮೇಲೆ ನಮ್ಮಲ್ಲಿ ನಡೆಯಲ್ಲ. ಗೊತ್ತಲ್ಲ?"

"ಗೊತ್ತು. ಯಾವ ಯಂತ್ರ ಬೇಕು ಅಂತ ಕೊನೇಲಿ ಬರ್ದಿದೀನಿ," ಎಂದಳು. "ನನ್ ಜಾಗಕ್ಕೆ ಬರೋರಿಗೆ ಆ ಕುರೂಪಿ ಯಂತ್ರಾನೇ ಕೊಡ್ಸೋಕೆ ಬಾಸ್‌ಗೆ ಹೇಳಿ."

ಜಾಕೆಟ್ ಎತ್ತಿಕೊಂಡು ಸೆಕಮಾನಾನ ಮನೆಯ ದಾರಿ ಹಿಡಿದಳು.