ಬೇಸ್ ಗಿಟಾರಿಗೆ ಗಿರಾಕಿ ಬಂದ ದಿನ

ಸೋತು ಮಾರಿದೆ ಎಂದು ಯಾರಾದರೂ ಅಂದುಕೊಂಡರೆ ಅದು ಅವರ ಕರ್ಮ. ಗಂಗಾವತಿ ಸುತ್ತಮುತ್ತಲಿನ ಮದುವೆ ಆರ್ಕೆಸ್ಟ್ರಾಗಳಲ್ಲಿ ವರ್ಷಾನುಗಟ್ಟಲೆ ಬೇಸ್ ಗಿಟಾರ್ ನುಡಿಸಿದವನು ನಾನು. ಈಗ ಆ ಕೆಲಸವನ್ನೂ ಕೀಬೋರ್ಡೇ ಮಾಡಿ ಮುಗಿಸುತ್ತದೆ. ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಧಂದೆಗೆ ಇಳಿದೆ, ಅದು ಕೈಹಿಡಿಯಿತು. ಗಿಟಾರ್ ಮಾತ್ರ ಕಪಾಟಿನ ಮೇಲೆ ಸುಮ್ಮನೆ ಬಿದ್ದಿತ್ತು. ದುಡಿದ ವಾದ್ಯ ಹಾಗೆ ಬಿದ್ದಿರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ನನ್ನ ಹೆಂಡತಿ ಹನುಮಸಾಗರದ ಕಡೆಯ ಒಕ್ಕಲುತನದ ಮನೆಯವಳು. ಅವಳ ಪಾಲಿಗೆ ಅದೊಂದು ಕಟ್ಟಿಗೆ. "ಹಾಡೋರದು ಕೇಳಸ್ತೈತಿ, ತಬಲಾದವಂದು ಕೇಳಸ್ತೈತಿ, ನಿಮ್ಮದೊಂದ ಕೇಳಸಂಗಿಲ್ಲ ನೋಡ್ರಿ" ಎಂದು ಮದುವೆಯಾದ ಹೊಸತರಲ್ಲೇ ತೀರ್ಪು ಕೊಟ್ಟಿದ್ದಳು. ಬೇಸ್ ಎನ್ನುವುದು ಕಿವಿಗಿಂತ ಎದೆಗೆ ಕೇಳಿಸುವಂಥದ್ದು ಎಂದು ತಿಳಿಹೇಳಿ ನನಗೇ ಸಾಕಾಯಿತು. ಊರವರು ಏನಂದರೂ ನಾನು ಕ್ಯಾರೇ ಅನ್ನುವವನಲ್ಲ. ಆದರೆ ಅದು ಮನೆ ಬಿಟ್ಟು ಹೋಗುವ ಮೊದಲು ಇವಳೊಬ್ಬಳು ಅದನ್ನು ದುಡಿಮೆ ಎಂದು ಒಪ್ಪಬೇಕು ಎಂಬ ಆಸೆ ನನಗಿತ್ತು.

ಫೋಟೊ ತೆಗೆದು ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಹಾಕಿದೆ. ಎಮ್ಮೆಯನ್ನು ನೀರಲ್ಲಿ ಬಿಟ್ಟು ವ್ಯಾಪಾರ ಮಾಡುವ ಮಂದಿಯೇ ಜಾಸ್ತಿ. ಬಣ್ಣ ಹೋಗಿದೆಯಲ್ಲ ಎಂದು ಕೊಪ್ಪಳದವನೊಬ್ಬ ಫೋನಿನಲ್ಲೇ ಮೂಗು ಮುರಿದ. "ಬಾರಿಸೀನಿ, ಅದಕ್ಕ ಹೋಗೇತಿ. ಬಣ್ಣ ಬೇಕಿದ್ರ ಪೇಂಟ್ ಅಂಗಡಿಗೆ ಹೋಗ್ರಿ" ಎಂದು ಫೋನ್ ಇಟ್ಟೆ. ಹೋಟೆಲಿನವನೊಬ್ಬ ಗೋಡೆಗೆ ತೂಗುಹಾಕಲು ಕೇಳಿದ. ಅವನಿಗೂ ಆಗುವುದಿಲ್ಲ ಎಂದೆ.

ಕೊನೆಗೆ ಕಾಲುವೆ ಕಡೆಯ ವಲಸೆ ರೈತರ ಕ್ಯಾಂಪಿನಿಂದ ಒಬ್ಬ ಹೆಣ್ಣುಮಗಳು ಗಂಡನ ಬೈಕಿನಲ್ಲಿ ಬಂದಳು. ಚರ್ಚಿನಲ್ಲಿ ನುಡಿಸುತ್ತಾಳಂತೆ. ಮಾತಿಲ್ಲ ಕತೆಯಿಲ್ಲ, ಬೆಲ್ಟನ್ನು ಹೆಗಲಿಗೆ ಏರಿಸಿ, ವೈರನ್ನು ನನ್ನ ಸ್ಪೀಕರಿಗೆ ಸಿಕ್ಕಿಸಿ, ತಂತಿ ಶ್ರುತಿ ಮಾಡಿಕೊಂಡು ಶುರುಹಚ್ಚಿಯೇಬಿಟ್ಟಳು. ಅಡುಗೆಮನೆಯಲ್ಲಿ ಸ್ಟೀಲ್ ತಾಟುಗಳು ಗುಂಯ್ ಎಂದವು. ನನ್ನ ಗಿಟಾರನ್ನು ನಾನು ಎದುರಿಗೆ ಕೂತು ಕೇಳಿದ್ದು ಅವತ್ತೇ ಮೊದಲು. ಎಂಥ ಒಳ್ಳೆಯ ವಾದ್ಯ ಇಟ್ಟುಕೊಂಡಿದ್ದೆನಪ್ಪ ಎಂದು ಖುಷಿಯಾಯಿತು.

"ವೈರ್ ಹಾಕೂ ಕಡೆ ಒಮ್ಮೊಮ್ಮೆ ಗರ್ ಅಂತೈತಿ ತಂಗಿ, ಮೊದಲ ಹೇಳೀನಿ" ಎಂದೆ. "ಇರ್ಲಿ ಬಿಡ್ರಿ ಅಣ್ಣಾರ, ಸರಿ ಮಾಡಿಸ್ಕೊಂತೀನಿ" ಎಂದಳು. ವ್ಯಾಪಾರ ಕುದುರಿತು.

ಅವಳು ಗಿಟಾರನ್ನು ಚೀಲಕ್ಕೆ ಇಳಿಸುವಾಗ ನನ್ನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಬಂದಳು. "ತಡಿಯವ್ವಾ" ಎಂದು, ನನ್ನ ಬೆವರಿಗೆ ಕಪ್ಪಾಗಿದ್ದ ಆ ಬೆಲ್ಟನ್ನು ಎರಡೂ ಕಡೆ ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡಳು. ನನಗೆ ಸಿಟ್ಟು ಬಂತು.

"ಏ, ಅದಿಲ್ದ ಹೆಂಗ ಬಾರಿಸ್ಬೇಕ ಆಕಿ?"

"ಎತ್ತು ಮಾರಿದ್ರ ಯಾರರ ಹಗ್ಗ ಕೊಡ್ತಾರೇನ್ರಿ? ಹಗ್ಗದ ಕೂಡ ಮನಿ ಲಕ್ಷ್ಮೀನೂ ಹೋಗಿಬಿಡ್ತಾಳ."

ಆ ಹೆಣ್ಣುಮಗಳು ನಕ್ಕಳು. "ಖರೇ ಅಕ್ಕಾರ, ನಮ್ಮ ಮಾವನೋರೂ ಹಂಗ ಮಾಡ್ತಾರ. ಬೆಲ್ಟ್ ನಾ ಹೊಸಾದು ತಗೊಂತೀನಿ." ಗಿಟಾರ್ ಬೈಕ್ ಏರಿ ಹೋಯಿತು.

ಕುರಿ ಕೋಳಿ ಮಾರುವಾಗ ನಮ್ಮ ಕಡೆ ಯಾರೂ ಇಂಥ ಶಾಸ್ತ್ರ ಮಾಡುವುದಿಲ್ಲ. ಈ ಮರ್ಯಾದೆ ಇರುವುದು ಹೊಲದಲ್ಲಿ ದುಡಿದು ಮನೆ ಸಾಕಿದ ಎತ್ತಿಗೆ. ಹೆಂಡತಿ ಬೆಲ್ಟನ್ನು ದೇವರ ಜಗಲಿಯ ಪಕ್ಕದ ಗೂಟಕ್ಕೆ ಹಾಕಿ, ನನ್ನ ಮುಖವನ್ನೂ ನೋಡದೆ ರೊಟ್ಟಿ ಬಡಿಯಲು ಹೋದಳು. ನಾವು ಮನೆಮಂದಿ ಇಷ್ಟು ವರ್ಷ ಯಾರ ದುಡಿಮೆ ಉಂಡೆವು ಎನ್ನುವುದು ಅವಳಿಗೆ ಗೊತ್ತಿತ್ತು.